ಹಿಮ್ಮುಖ ನಡಿಗೆಯ ಗಂಡ, ಚಕ್ರ ಬಿಟ್ಟ ಹೆಂಡತಿ

ಎತೆಲ್ಕಾಳ ಬಲಭುಜ ಎಡಭುಜಕ್ಕಿಂತ ಮೂರು ಬೆರಳು ಕೆಳಗಿತ್ತು. ಹೊಸ ಕೋಟು ಹೊಲಿಸುವಾಗಲೆಲ್ಲ ದರ್ಜಿಯ ಮುಂದೆ ನಿಂತು, "ಅಳತೆ ಸರಿಯಾಗಿ ತಗೊಳಪ್ಪ, ಇದು ದೇವರು ಕೊಟ್ಟ ಭುಜ ಅಲ್ಲ, ಗಂಡ ಕೊಟ್ಟಿದ್ದು" ಎನ್ನುತ್ತಿದ್ದಳು. ಹೊಸಬರು ಕೇಳಿದರೆ ಗಂಡ ಹೊಡೆದು ಬಡಿದು ಹೀಗಾಗಿದೆ ಎಂದುಕೊಳ್ಳಬೇಕು. ಅಂಥದ್ದೇನೂ ಇಲ್ಲ. ತೀಸಾ ನದಿಯ ದಂಡೆಯ ನಮ್ಮೂರಿನಲ್ಲಿ ವೆಂಡೆಲ್ ಹಗ್ಗ ಹೊಸೆಯುತ್ತಿದ್ದ; ಅವನ ಚಕ್ರವನ್ನು ಮೂವತ್ತೊಂದು ವರ್ಷ ತಿರುಗಿಸಿದವಳು ಅವಳು. ಭುಜ ಇಳಿದದ್ದು ಹಾಗೆ.

ಹಗ್ಗದ ಕೆಲಸ ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹೊಸೆಯುವವನು ಬಾಚಿದ ಸೆಣಬಿನ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಒಂದು ತುದಿಯನ್ನು ಚಕ್ರದ ಕೊಕ್ಕೆಗೆ ಸಿಕ್ಕಿಸಿ, ನಾರು ಬಿಡುತ್ತ ಬಿಡುತ್ತ ಹಿಂದೆ ಹಿಂದೆ ನಡೆಯುತ್ತಾನೆ. ಚಕ್ರ ತಿರುಗಿದಂತೆ ನಾರು ಹುರಿಯಾಗುತ್ತದೆ. ವೆಂಡೆಲ್ ಹೀಗೆ ನಡೆಯುತ್ತಿದ್ದ ಓಣಿ ಮನೆಯ ಪಕ್ಕದಲ್ಲಿ, ಹಿಪ್ಪುನೇರಳೆ ಮರಗಳ ಕೆಳಗೆ, ಎಂಬತ್ತು ಹೆಜ್ಜೆ ಉದ್ದ, ಕೊನೆಯಲ್ಲೊಂದು ಗೂಟ. ಗೂಟ ಬೆನ್ನ ಹಿಂದಿರುವುದರಿಂದ ಅವನಿಗೆ ಕಾಣುವುದಿಲ್ಲ, ಚಕ್ರದ ಬಳಿ ಕೂತವಳಿಗೆ ಕಾಣುತ್ತದೆ. ಅವಳು "ಗೂಟ!" ಎಂದು ಕೂಗಿದರೆ ಅವನು ನಿಲ್ಲಬೇಕು. ಹೊಸೆಯುವವನು ಹಿಂತಿರುಗಿ ನೋಡುವಂತಿಲ್ಲ, ತನ್ನಷ್ಟಕ್ಕೆ ತಾನು ನಿಲ್ಲುವಂತೆಯೂ ಇಲ್ಲ. ನಮ್ಮೂರಿನಲ್ಲಿ ಹೆಂಗಸಿನ ಒಂದು ಮಾತಿಗೆ ಗಂಡಸು ಚಕಾರವೆತ್ತದೆ ನಿಲ್ಲುತ್ತಿದ್ದ ಜಾಗ ಅದೊಂದೇ.

ಆ ಅಧಿಕಾರದಿಂದ ಎತೆಲ್ಕಾಳಿಗೆ ಎಳ್ಳಷ್ಟೂ ಖುಷಿಯಾಗಿರಲಿಲ್ಲ. "ಮೂವತ್ತೊಂದು ವರ್ಷ ನನ್ನ ಎದುರಿಗೇ ಇದ್ದ ಮನುಷ್ಯ, ಒಂದು ದಿನ ನನ್ನ ಮುಖ ನೋಡ್ಲಿಲ್ಲ ಕಣ್ರೀ. ಕಣ್ಣೆಲ್ಲ ಹುರಿ ಮೇಲೆ. ನಾನು ಹೊಸ ತಲೆವಸ್ತ್ರ ಕಟ್ಕೊಂಡಿದ್ರೂ ಒಂದೇ, ಮೂತಿಗೆ ಮಸಿ ಬಳ್ಕೊಂಡಿದ್ರೂ ಒಂದೇ" ಎಂದು ಊರಿಗೆಲ್ಲ ಹೇಳುತ್ತಿದ್ದಳು. ಮದುವೆಯಾದ ಎರಡನೇ ವರ್ಷ, ಅಕ್ಕನ ಮದುವೆಗೆ ಹೋಗಲು ಬಿಡಲಿಲ್ಲವೆಂಬ ಸಿಟ್ಟಿಗೆ, ಒಂದು ದಿನ ಬೇಕೆಂದೇ ಕೂಗದೆ ಕೂತಳು. ವೆಂಡೆಲ್ ಹೋಗಿ ಗೂಟಕ್ಕೆ ಬೆನ್ನು ಹೊಡೆದುಕೊಂಡು ಕುಸಿದು ಕೂತ. ಎದ್ದ, ಚಡ್ಡಿಯ ಧೂಳು ಒರೆಸಿಕೊಂಡ, ಬಂದು ಮುಂದಿನ ಹುರಿ ಶುರುಮಾಡಿದ. ಒಂದು ಬೈಗುಳವಿಲ್ಲ, ಒಂದು ಪ್ರಶ್ನೆಯಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನೈಲಾನ್ ಹಗ್ಗ ಬಂದು ಕೆಲಸ ನಿಂತ ದಿನ ವೆಂಡೆಲನಿಗೆ ಸಮಾಧಾನ ಹೇಳಲು ಅರ್ಧ ಊರು ಅಂಗಳದಲ್ಲಿ ನೆರೆದಿತ್ತು. ಅವರೆಲ್ಲರ ಮುಂದೆ ಎತೆಲ್ಕಾ ಚಕ್ರದ ಕಬ್ಬಿಣದ ಹಿಡಿಯನ್ನು ಕಳಚಿ, ಪಕ್ಕದ ಮನೆಯ ಬಾಲಿಂತನ ಬೇಲಿಯಾಚೆ ಎಸೆದು, "ಇನ್ನು ಈ ಜನ್ಮದಲ್ಲಿ ನಾನಿದನ್ನ ಮುಟ್ಟಿದ್ರೆ ಕೇಳಿ" ಎಂದಳು. ಚಕ್ರದ ಮೇಲೆ ಕೋಳಿಗಳು ಕೂರತೊಡಗಿದವು. ಓಣಿಯ ಆಚೆಯ ಅರ್ಧಕ್ಕೆ ಮೆಣಸಿನ ಗಿಡ ಹಾಕಿದಳು. ಇಪ್ಪತ್ತೆಂಟು ವರ್ಷ ಹಾಗೇ ಕಳೆಯಿತು.

ವೆಂಡೆಲನಿಗೆ ಎಂಬತ್ತೆರಡು ದಾಟಿದ ಮೇಲೆ ಮರೆವು ಬಂತು. ಮೊದಲು ವಾರಗಳ ಹೆಸರು ಹೋಯಿತು, ಆಮೇಲೆ ಮಗಳ ಹೆಸರು, ಕಳೆದ ನವೆಂಬರಿನಲ್ಲಿ ಹೆಂಡತಿಯ ಗುರುತು. ಒಂದು ಬೆಳಿಗ್ಗೆ ಕಾಫಿ ಕೊಟ್ಟರೆ ಟೋಪಿ ತೆಗೆದು ಬಾಗಿ, "ತುಂಬ ಉಪಕಾರ ಆಯ್ತಮ್ಮ. ನೀವು ಯಾರ ಮನೆಯವರು?" ಎಂದ. "ಹಾಳಾದವನ ಮನೆಯವಳು, ಕುಡಿ" ಎಂದು ಎತೆಲ್ಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲ ಹಿಂದೆ ಅವಳು ಅತ್ತಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದೇ ವಾರ ಶುರುವಾಯಿತು ನಡಿಗೆ.

ನಡಿಗೆಯೆಂದರೆ ಎಂಥ ನಡಿಗೆ! ಬೆಳಿಗ್ಗೆ ಎದ್ದವನೇ ಎರಡೂ ಕೈ ಸೊಂಟದ ಬಳಿ ಹಿಡಿದು, ಬೆರಳುಗಳಲ್ಲಿ ಇಲ್ಲದ ನಾರು ಬಿಡುತ್ತ, ಹಿಂದೆ ಹಿಂದೆ ಹೋಗುತ್ತಿದ್ದ. ಅಡುಗೆಮನೆಯಿಂದ ಹಜಾರ, ಹಜಾರದಿಂದ ಅಂಗಳ, ಬಾಗಿಲು ತೆರೆದಿದ್ದರೆ ಬೀದಿ, ಬೀದಿಯಲ್ಲಿ ಇಗರ್ಜಿಯವರೆಗೆ. ದಾರಿಯಲ್ಲಿ ಸಿಕ್ಕವರಿಗೆ ದಾಟಿಹೋದ ಮೇಲೆ ನಮಸ್ಕಾರ ಹೇಳುತ್ತಿದ್ದ, ಏಕೆಂದರೆ ಅವರು ಕಾಣುತ್ತಿದ್ದದ್ದೇ ಆಗ. ಬ್ರೆಡ್ಡಿನ ಅಂಗಡಿಯವಳು "ಅಜ್ಜಾ, ಹಿಂದೆ ಮೆಟ್ಟಿಲು!" ಎಂದು ಕೂಗುವುದನ್ನು ಅಭ್ಯಾಸ ಮಾಡಿಕೊಂಡಳು. ಊರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ವೆಂಡೆಲ್ ಯಾವಾಗ ತಾನೇ ಮುಂದಕ್ಕೆ ನಡೆದಿದ್ದ? ಕಷ್ಟವೆಂದರೆ ಅವನು ನಿಲ್ಲುತ್ತಿರಲಿಲ್ಲ. ಕೂರುತ್ತಿರಲಿಲ್ಲ. ಕೂರದವನು ಊಟ ಮಾಡುವುದು ಹೇಗೆ?

ಉಪಾಯಗಳಿಗೇನೂ ಬರವಿರಲಿಲ್ಲ. ಬಾಲಿಂತ್ ಬೇಲಿಯ ಮೇಲಿಂದ, "ಬೂಟು ಬಚ್ಚಿಡು ಎತೆಲ್ಕಾ, ಎಲ್ಲಿಗೆ ಹೋಗ್ತಾನೆ ನೋಡೋಣ" ಎಂದ. ಬಚ್ಚಿಟ್ಟಳು. ವೆಂಡೆಲ್ ಅವಳ ಹೂವಿನ ಚಪ್ಪಲಿ ಹಾಕಿಕೊಂಡು ಇಗರ್ಜಿಗೆ ಹೋದ. ಹಜಾರಕ್ಕೆ ಅಡ್ಡಲಾಗಿ ಕುರ್ಚಿಗಳನ್ನಿಟ್ಟಳು. ಬೆನ್ನಿಗೆ ತಾಗಿದ ಪ್ರತಿ ಕುರ್ಚಿಗೂ "ಕ್ಷಮಿಸಿ" ಎಂದು ಹೇಳಿ ಬಳಸಿಕೊಂಡು ಹೋದ. ಪಟ್ಟಣದಲ್ಲಿದ್ದ ಮಗಳು ಎಮೆಶೆ ಎಲ್ಲೋ ಓದಿಕೊಂಡು ಒಂದು ಕಪ್ಪು ಚಾಪೆ ತಂದಳು. "ಬಾಗಿಲ ಮುಂದೆ ಹಾಕಮ್ಮಾ. ಮರೆವಿನವರಿಗೆ ಅದು ಹಳ್ಳದ ಥರ ಕಾಣುತ್ತಂತೆ, ದಾಟಲ್ವಂತೆ" ಎಂದಳು. "ಕಾಣಬೇಕಾದ್ರೆ ನೋಡ್ಬೇಕಲ್ಲೇ. ನಿಮ್ಮಪ್ಪನ ಕಣ್ಣು ಈ ಕಡೆ, ಕಾಲು ಆ ಕಡೆ" ಎಂದಳು ಎತೆಲ್ಕಾ. ಅವಳು ಹೇಳಿದ್ದೇ ಆಯಿತು. ಚಾಪೆಗೆ ಹೆದರಿದ್ದು ಕೋಳಿ ಮಾತ್ರ.

ಕೊನೆಗೆ ಎಮೆಶೆ ಮತ್ತು ಅವಳ ಗಂಡ, ಬೀಳುತ್ತಾನೆಂಬ ಭಯಕ್ಕೆ, ವೆಂಡೆಲನ ತೋಳು ಹಿಡಿದು ಮುಂದಕ್ಕೆ ಮುಖ ಮಾಡಿ ತಿರುಗಿಸಿದರು. ಅವನು ಬಾಗಿಲ ಚೌಕಟ್ಟನ್ನು ತಬ್ಬಿ ಹಿಡಿದು, "ಹುರಿ ಹರೀತು! ಅಯ್ಯೋ, ಹುರಿ ಹರೀತು!" ಎಂದು ಮಗುವಿನಂತೆ ಅತ್ತ. ಎತೆಲ್ಕಾ ಬಂದವಳೇ ಅಳಿಯನ ಕೈಗೆ ಒಂದು ಏಟು ಕೊಟ್ಟು, ಗಂಡನನ್ನು ಮತ್ತೆ ಹಿಂದುಮುಂದು ತಿರುಗಿಸಿ ನಿಲ್ಲಿಸಿದಳು. "ಅವನ ಪಾಡಿಗೆ ಅವನನ್ನ ಬಿಡಿ. ನೀವು ನೆಟ್ಟಗೆ ನಡೆದು ಏನು ಕಡಿದು ಹಾಕಿದೀರಿ ಗೊತ್ತು" ಎಂದಳು.

ಊಟದ ಹೊತ್ತಿಗೆ ಅವಳ ಅವಸ್ಥೆ ನೋಡಬೇಕಿತ್ತು. ಗಸಗಸೆ ಹಾಕಿದ ಶ್ಯಾವಿಗೆಯ ತಟ್ಟೆ ಹಿಡಿದು ಅವಳು ಮುಂದೆ ಮುಂದೆ, ಅವಳ ಮುಖಕ್ಕೆ ಮುಖ ಕೊಟ್ಟು ಅವನು ಹಿಂದೆ ಹಿಂದೆ. ಬೇಲಿಯಾಚೆಯಿಂದ ಬಾಲಿಂತ್, "ನಿನ್ನ ಅಡುಗೆಗೆ ಹೆದರಿ ಓಡ್ತಿದಾನಲ್ಲೇ!" ಎಂದು ನಗುತ್ತಿದ್ದ. ಚಮಚ ತುಟಿಗೆ ತಾಗಿದರೂ ವೆಂಡೆಲ್ ಎರಡು ತುತ್ತಿಗಿಂತ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ. "ಕೆಲಸದ ಮಧ್ಯೆ ತಿಂದ್ರೆ ಕೈ ಜಿಡ್ಡಾಗುತ್ತಮ್ಮ, ಹುರಿ ಕೆಡುತ್ತೆ" ಎಂದು ಮರ್ಯಾದೆಯಿಂದ ಹೇಳುತ್ತಿದ್ದ.

ಅಕ್ಟೋಬರಿನ ಒಂದು ಗುರುವಾರ ಊರಿನ ನರ್ಸ್ ನೊಯೆಮಿ ತೂಕದ ಯಂತ್ರ ಹೊತ್ತುಕೊಂಡು ಬಂದಳು. ಹೋದ ವರ್ಷ ಎಪ್ಪತ್ತೊಂದು ಕಿಲೋ ಇದ್ದವನು ಅಂದು ಐವತ್ತೈದೂವರೆಗೂ ಕಡಿಮೆ ತೂಗಿದ. ನೊಯೆಮಿ ಮುಖ ಚಿಕ್ಕದು ಮಾಡಿಕೊಂಡಳು.

"ಅತ್ತೆ, ಡಾಕ್ಟ್ರು ಹೇಳಿದ್ದು ನೆನಪಿದೆಯಲ್ಲ? ಐವತ್ತೈದಕ್ಕಿಂತ ಇಳಿದ್ರೆ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಪಟ್ಟಣದ ವೃದ್ಧಾಶ್ರಮದಲ್ಲಿ ಎಮೆಶೆ ಕೋಣೆ ಹೇಳಿಟ್ಟಿದಾಳೆ."

"ಅಲ್ಲಿ ಅಂಗಳ ಇದೆಯಾ?"

"ಮೂರನೇ ಮಹಡಿ ಅತ್ತೆ."

"ಮತ್ತೆ ಅವನು ಎಲ್ಲಿ ನಡೀತಾನೆ?"

ನೊಯೆಮಿ ಯಂತ್ರದ ಧೂಳು ಒರೆಸುತ್ತ, "ನಡೆಯೋಕೆ ಬಿಡಲ್ಲ. ಬಿದ್ರೆಗಿದ್ರೆ ಅಂತ ಮಾತ್ರೆ ಕೊಟ್ಟು ಮಂಚದಲ್ಲೇ ಮಲಗಿಸ್ತಾರೆ" ಎಂದಳು. "ಮುಂದಿನ ಗುರುವಾರ ಬರ್ತೀನಿ. ಏನಾದ್ರೂ ಮಾಡಿ ತಿನ್ಸಿ."

ಏನು ಮಾಡಬೇಕೆಂದು ಎತೆಲ್ಕಾಳಿಗೆ ಗೊತ್ತಿರಲಿಲ್ಲವೆ? ಮೊದಲ ದಿನದಿಂದಲೇ ಗೊತ್ತಿತ್ತು. ಒಂದು ಸಲ ಹಜಾರದಲ್ಲಿ "ಗೂಟ!" ಎಂದು ಕೂಗಿಯೂ ನೋಡಿದ್ದಳು. ಅವನು ಅರೆಗಳಿಗೆ ನಿಂತು, ಕಿವಿಗೊಟ್ಟು, "ಚಕ್ರ ತಿರುಗ್ತಾನೇ ಇಲ್ಲ, ಗೂಟ ಎಲ್ಲಿಂದ ಬರುತ್ತಮ್ಮ?" ಎಂದು ಮತ್ತೆ ನಡೆದಿದ್ದ. ಅವನಿಗೆ ಬೇಕಾದದ್ದು ಚಕ್ರ. ಅವಳಿಗೆ ಬೇಡವಾದದ್ದೂ ಅದೇ. ಅರ್ಧ ಊರಿನ ಮುಂದೆ ಆಡಿದ ಮಾತು. ಮೇಲಾಗಿ, ಮುಖ ನೋಡದ ಮನುಷ್ಯನ ಎದುರು ಮೂವತ್ತೊಂದು ವರ್ಷ ಕೂತದ್ದು ಸಾಲದೆ, ಗುರುತೇ ಹಿಡಿಯದವನ ಎದುರು ಮತ್ತೆ ಕೂರಬೇಕೆ? ಹನ್ನೊಂದು ತಿಂಗಳು ಆ ಹಟದಲ್ಲೇ ಕಳೆದಳು. ಮೂರನೇ ಮಹಡಿಯ ಮಂಚ ಕಣ್ಣ ಮುಂದೆ ಬಂದ ಮೇಲೆ ಹಟ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ಬಾಲಿಂತನ ಅಂಗಳಕ್ಕೆ ಹೋದಳು. ಅವನು ದ್ರಾಕ್ಷಿ ಅರೆಯುತ್ತಿದ್ದ. ಅರೆಯುವ ಪೀಪಾಯಿಯ ಪಕ್ಕದಲ್ಲಿ ತಿರುಗುತ್ತಿದ್ದದ್ದು ಅವಳದೇ ಕಬ್ಬಿಣದ ಹಿಡಿ.

"ನನ್ನ ಹಿಡಿ ಕೊಡು."

"ಯಾವ ಹಿಡಿ? ಇಪ್ಪತ್ತೆಂಟು ವರ್ಷದ ಹಿಂದೆ ನೀನು ಎಸೆದಾಗ ನನ್ನ ಕಾಲ ಮೇಲೆ ಬಿತ್ತಲ್ಲ, ಅದಾ?"

"ಕಾಲು ವಾಸಿಯಾಗಿದೆಯಲ್ಲ. ಕೊಡು."

"ಅರ್ಧ ಪೀಪಾಯಿ ದ್ರಾಕ್ಷಿ ಹಾಗೇ ಇದೆ ಎತೆಲ್ಕಾ. ಭಾನುವಾರ ಕೊಡ್ತೀನಿ."

"ನಿಮ್ಮಪ್ಪ ಕಾಲಲ್ಲಿ ತುಳೀತಿದ್ದ. ನೀನೇನು ಮಹಾ ಅವನಿಗಿಂತ ದೊಡ್ಡವನಾ? ತೂಕ ಇಳಿದ್ರೆ ನನ್ನ ಗಂಡನ್ನ ಕರ್ಕೊಂಡು ಹೋಗ್ತಾರೆ ಕಣೋ."

ಬಾಲಿಂತ್ ಅವಳ ಮುಖ ನೋಡಿದ. ನಗಬೇಕೆಂದುಕೊಂಡಿದ್ದವನು ನಗಲಿಲ್ಲ. ಹಿಡಿಯನ್ನು ಕಳಚಿ ಒರೆಸಿ, ತಾನೇ ತಂದು ಚಕ್ರಕ್ಕೆ ಜೋಡಿಸಿ, ಕೀಲುಗಳಿಗೆ ಹಂದಿ ಕೊಬ್ಬು ಸವರಿದ. ಕೋಳಿಗಳು ವಂಶಪಾರಂಪರ್ಯದ ಮನೆ ಕಳೆದುಕೊಂಡಂತೆ ಗಲಾಟೆ ಮಾಡಿದವು. ಓಣಿಯ ಆಚೆಯ ಅರ್ಧದಲ್ಲಿ ಮೆಣಸು ಕೆಂಪಗೆ ತುಂಬಿ ನಿಂತಿತ್ತು. ಎತೆಲ್ಕಾ ಲಂಗ ಎತ್ತಿ ಕಟ್ಟಿ ಎರಡು ಸಾಲು ಗಿಡಗಳನ್ನು ಬೇರುಸಹಿತ ಕಿತ್ತು ದಾರಿ ಮಾಡಿದಳು, ಗೂಟಕ್ಕೆ ಹಬ್ಬಿದ್ದ ಕುಂಬಳದ ಬಳ್ಳಿಯನ್ನು ಎಳೆದು ಹಾಕಿದಳು. ಅಟ್ಟದ ಮೇಲೆ, ಹುರುಳಿಕಾಯಿ ಚೀಲಗಳ ಕೆಳಗೆ, ಕೊನೆಯ ಸೆಣಬಿನ ಕಟ್ಟು ಹಾಗೇ ಇತ್ತು. ಬಾಲಿಂತ್ ಮನೆಗೆ ಹೋಗಿ ಚಡ್ಡಿ ಮೇಲೇರಿಸಿ ದ್ರಾಕ್ಷಿ ತುಳಿಯತೊಡಗಿದ. ಆಮೇಲೆ ಎರಡು ವಾರ ಅವನ ಕಾಲುಗಳು ನೇರಳೆ ಬಣ್ಣದಲ್ಲೇ ಇದ್ದವು.

ಎತೆಲ್ಕಾ ಚಕ್ರದ ಬಳಿಯ ಹಳೆಯ ಸ್ಟೂಲಿನಲ್ಲಿ ಕೂತು ಹಿಡಿ ತಿರುಗಿಸಿದಳು. ಚಕ್ರ ಒಮ್ಮೆ ಕಿರುಗುಟ್ಟಿತು. ಅಂಗಳದ ಆ ಮೂಲೆಯಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದ ವೆಂಡೆಲ್ ತಟ್ಟನೆ ನಿಂತ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಮುಂದಕ್ಕೆ ನಡೆದು ಬಂದ. ಟೋಪಿ ಎತ್ತಿ ಅವಳಿಗೆ ನಮಸ್ಕರಿಸಿ, ಕಟ್ಟಿನಿಂದ ನಾರು ತೆಗೆದು ಸೊಂಟಕ್ಕೆ ಸುತ್ತಿಕೊಂಡ, ತುದಿಯನ್ನು ಕೊಕ್ಕೆಗೆ ಸಿಕ್ಕಿಸಿದ. ಮಗಳ ಹೆಸರು ಮರೆತವನ ಬೆರಳುಗಳು ಒಂದು ಎಳೆಯಲ್ಲೂ ತಪ್ಪಲಿಲ್ಲ. ಮೆಣಸಿನ ಗಿಡಗಳ ನಡುವೆ ಹುರಿ ಉದ್ದವಾಗುತ್ತ ಹೋಯಿತು.

"ಗೂಟ!" ಎಂದು ಕೂಗಿದಳು ಎತೆಲ್ಕಾ. ನಿಂತ. ಹುರಿ ಕಟ್ಟಿ ಬಂದ, ಮತ್ತೆ ಶುರುಮಾಡಿದ. ಮೂರು ಹುರಿಯಾದ ಮೇಲೆ ಅವಳು ಚಕ್ರ ನಿಲ್ಲಿಸಿ, ಮೊದಲು ದಿನವೂ ಹೇಳುತ್ತಿದ್ದ ಮಾತನ್ನೇ ಹೇಳಿದಳು: "ಚಕ್ರಕ್ಕೆ ಹಸಿವಾಯ್ತು." ವೆಂಡೆಲ್ ಹಿಪ್ಪುನೇರಳೆಯ ಕೆಳಗಿನ ಬೆಂಚಿನ ಮೇಲೆ ಕೂತ. ಹೌದು, ಕೂತ. ಚಾಕು ತೆಗೆದು ಬ್ರೆಡ್ಡು, ಉಪ್ಪು ಹಚ್ಚಿದ ಹಂದಿ ಕೊಬ್ಬು, ಈರುಳ್ಳಿ ಹೆಚ್ಚಿಕೊಂಡು ಮೂರು ದಪ್ಪ ಹೋಳು ತಿಂದ. ಬೇಲಿಯಾಚೆ ದ್ರಾಕ್ಷಿಯಲ್ಲಿ ಮೊಣಕಾಲು ಮುಳುಗಿಸಿ ನಿಂತಿದ್ದ ಬಾಲಿಂತ್ ಟೋಪಿಯನ್ನು ಗಾಳಿಗೆ ಎಸೆದ. ಅದು ಪೀಪಾಯಿಯೊಳಗೆ ಬಿತ್ತು.

ಮರೆವು ವಾಸಿಯಾಯಿತೆಂದು ಯಾರೂ ತಿಳಿಯಬೇಡಿ. ಸಂಜೆಯಾದರೆ ವೆಂಡೆಲ್ ಅವಳಿಗೆ ಶುಭರಾತ್ರಿ ಹೇಳಿ, "ನಿಮ್ಮನೆ ದೂರಾನಾ? ಕತ್ತಲಾಗೋ ಮುಂಚೆ ಹೊರಡಿ" ಎನ್ನುತ್ತಿದ್ದ. ಆದರೆ ಬೆಳಿಗ್ಗೆ ಮೂರು ಹುರಿ, ಒಂದು ಊಟ. ಮಧ್ಯಾಹ್ನ ಮೂರು ಹುರಿ, ಇನ್ನೊಂದು ಊಟ. ನಡುವೆ ಬೆಂಚಿನ ಮೇಲೆ ಗೊರಕೆ. ಸೆಣಬು ಮುಗಿದರೆ ಎತೆಲ್ಕಾ ಅವನು ನಿದ್ದೆಯಲ್ಲಿದ್ದಾಗ ಹುರಿಯನ್ನೆಲ್ಲ ಬಿಚ್ಚಿ, ಬಾಚಿ, ಮತ್ತೆ ಕಟ್ಟು ಮಾಡಿಡುತ್ತಿದ್ದಳು. ಅವಳ ಭುಜ ರಾತ್ರಿಯೆಲ್ಲ ಸಿಡಿಯುತ್ತಿತ್ತು.

ಗುರುವಾರ ನೊಯೆಮಿ ಬಂದಾಗ ವೆಂಡೆಲ್ ಹುರಿಯ ಮಧ್ಯದಲ್ಲಿದ್ದ. ನಿಲ್ಲಿಸಲು ಎತೆಲ್ಕಾ ಬಿಡಲಿಲ್ಲ. "ಯಂತ್ರ ಗೂಟದ ಮುಂದೆ ಇಡು. ಅವನೇ ಬಂದು ಹತ್ತುತ್ತಾನೆ" ಎಂದಳು. ನೊಯೆಮಿ ಇಟ್ಟಳು. ವೆಂಡೆಲ್ ಹಿಂದೆ ಹಿಂದೆ ಬಂದ. ಹಿಮ್ಮಡಿ ಯಂತ್ರಕ್ಕೆ ತಾಗಿತು, "ಕ್ಷಮಿಸಿ" ಎಂದ, ಒಂದು ಕಾಲಿಟ್ಟ, ಇನ್ನೊಂದು ಕಾಲಿಟ್ಟ.

"ಗೂಟ!"

ಅಲುಗಾಡದೆ ನಿಂತ. ನೊಯೆಮಿ ಬಗ್ಗಿ ನೋಡಿ, "ಐವತ್ತಾರು ದಾಟಿದೆ ಅತ್ತೆ!" ಎಂದು ಕಿರುಚಿದಳು. ಆಮೇಲೆ ಮುಖ ಗಂಭೀರ ಮಾಡಿ, "ಸೊಂಟದ ಸೆಣಬು ಕಳೀಬೇಕು" ಎಂದಳು. ಸೆಣಬನ್ನು ಬೇರೆಯಾಗಿ ತೂಗಿದರು, ಅರ್ಧ ಕಿಲೋ. ಕಳೆದರೂ ಹಿಂದಿನ ವಾರಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ನೊಯೆಮಿ ಅಲ್ಲಿಂದಲೇ ಎಮೆಶೆಗೆ ಫೋನು ಮಾಡಿ, ಕೋಣೆ ಬೇರೆಯವರಿಗೆ ಕೊಡಲು ಹೇಳಿದಳು.

ಅವಳು ಹೋದ ಮೇಲೆ ಚಕ್ರಕ್ಕೆ ಹಸಿವಾಯಿತು. ಇಬ್ಬರೂ ಬೆಂಚಿನ ಮೇಲೆ ಕೂತರು. ವೆಂಡೆಲ್ ಬ್ರೆಡ್ಡಿನ ಮೆತ್ತನೆಯ ಭಾಗವನ್ನು ಅವಳತ್ತ ಸರಿಸಿ, ಗಟ್ಟಿ ಅಂಚನ್ನು ಕರವಸ್ತ್ರದಲ್ಲಿ ಸುತ್ತಿ ಪಕ್ಕಕ್ಕಿಟ್ಟ.

"ಅದು ಯಾರಿಗೆ?" ಎಂದಳು ಎತೆಲ್ಕಾ.

"ನಮ್ಮನೆಯವಳಿಗೆ. ಅವಳಿಗೆ ಗಟ್ಟಿ ಅಂಚೇ ಇಷ್ಟ. ಬಯ್ಯೋಕೆ ಹಲ್ಲು ಗಟ್ಟಿ ಇರ್ಬೇಕಲ್ಲ." ಸ್ವಲ್ಪ ಹೊತ್ತು ಅಗಿದು, "ನೀವು ಚೆನ್ನಾಗಿ ತಿರುಗಿಸ್ತೀರಮ್ಮ. ಆದ್ರೆ ಆಸೆ ಇಟ್ಕೋಬೇಡಿ, ಈ ಜಾಗ ಖಾಲಿ ಇಲ್ಲ. ಅವಳು ಬರ್ತಾಳೆ" ಎಂದ.

"ಅವಳು ನನಗಿಂತ ಚೆನ್ನಾಗಿ ತಿರುಗಿಸ್ತಾಳಾ?"

"ಎಲ್ಲಿ ಬಂತು! ಕೋಪ ಬಂದ್ರೆ ಎಳೆದೆಳೆದು ತಿರುಗಿಸ್ತಾಳೆ. ಕೋಪ ದಿನಾ ಬರುತ್ತೆ."

"ಮತ್ತೆ ಒಂದ್ಸಲ ಅವಳ ಮುಖ ನೋಡಿ ಸಮಾಧಾನ ಮಾಡೋಕೆ ನಿಮಗೇನಾಗಿತ್ತು, ದೊಡ್ಡ ರೋಗ?"

ವೆಂಡೆಲ್ ಆಶ್ಚರ್ಯದಿಂದ ನೋಡಿದ. "ಮುಖ ನೋಡಿದ್ರೆ ಏನು ಗೊತ್ತಾಗುತ್ತೆ? ಮುಖದಲ್ಲಿ ಅವಳು ಸುಳ್ಳು ಹೇಳ್ತಾಳೆ. ಅಳು ಬಂದಾಗ ಬಯ್ತಾಳೆ. ಹುರೀಲಿ ಸುಳ್ಳು ಬರಲ್ಲಮ್ಮ. ಅವಳು ಅಲ್ಲಿ ತಿರುಗಿಸಿದ್ದು ಇಲ್ಲಿ ನನ್ನ ಬೆರಳಿಗೆ ಬರುತ್ತೆ. ಮಗು ಹೊಟ್ಟೇಲಿದೆ ಅಂತ ಅವಳು ಬಾಯಿಬಿಡೋಕೆ ಮುಂಚೆ ನಂಗೊತ್ತಾಯ್ತು. ಅವಳಮ್ಮ ತೀರಿಕೊಂಡ ವಾರ ಹುರಿ ಎಷ್ಟು ಸಡಿಲ ಬಂತು ಅಂದ್ರೆ, ಅದನ್ನ ಮಾರೋಕೆ ಮನಸ್ಸು ಬರ್ಲಿಲ್ಲ ನಂಗೆ." ಅವನು ತನ್ನಷ್ಟಕ್ಕೆ ನಕ್ಕ. "ಒಂದ್ಸಲ ಗೂಟಕ್ಕೇ ಹೊಡೆಸಿದ್ಲು. ಬೆಳಿಗ್ಗೆಯಿಂದ ಹುರಿ ಹೇಳ್ತಾನೇ ಇತ್ತು, ಇವತ್ತು ಇವಳು ಕೂಗಲ್ಲ ಅಂತ."

"ಗೊತ್ತಿತ್ತಾ?" ಎತೆಲ್ಕಾಳ ದನಿ ಮೇಲೇಳಲಿಲ್ಲ. "ಗೊತ್ತಿದ್ದೂ ಯಾಕೆ ಹಿಂದೆ ತಿರುಗಿ ನೋಡ್ಲಿಲ್ಲ?"

"ನೋಡಿದ್ರೆ ಅವಳ ಮೇಲೆ ನಂಬಿಕೆ ಇಲ್ಲ ಅಂತ ಆಗ್ತಿತ್ತಲ್ಲಮ್ಮ. ಒಂದು ಪೆಟ್ಟು ತಾನೇ, ಹೋಗ್ಲಿ ಬಿಡಿ."

ಅವನು ಚಾಕು ಒರೆಸಿ ಮಡಿಸಿ, ಎದ್ದು ನಾರು ಸುತ್ತಿಕೊಂಡು ಹೊರಟ. ಎತೆಲ್ಕಾ ಸ್ಟೂಲಿನಲ್ಲಿ ಕೂತು ಹಿಡಿ ಹಿಡಿದಳು. ಅಳಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಎರಡೂ ಕೈ ಹಿಡಿಯ ಮೇಲಿದ್ದವು. ಒರೆಸಿಕೊಳ್ಳಲು ಚಕ್ರ ನಿಲ್ಲಿಸುವಂತಿರಲಿಲ್ಲ. ಮೆಣಸಿನ ಗಿಡಗಳವರೆಗೆ ಹೋಗಿದ್ದ ವೆಂಡೆಲ್ ಯಾರೂ ಕೂಗದೆ, ತನ್ನಷ್ಟಕ್ಕೆ ತಾನು ನಿಂತ. ಹುರಿಯ ಮಧ್ಯೆ ಜೀವಮಾನದಲ್ಲಿ ಹಾಗೆ ನಿಂತವನಲ್ಲ. ಬೆರಳ ನಡುವಿನ ಹುರಿಯನ್ನೇ ನೋಡುತ್ತ ಕೂಗಿದ:

"ಎತೆಲ್ಕಾ! ಏನಾಯ್ತೇ? ಹುರಿ ನಡುಗ್ತಿದೆ."

ಹನ್ನೊಂದು ತಿಂಗಳಾಗಿತ್ತು ಆ ಹೆಸರು ಆ ಬಾಯಲ್ಲಿ ಬಂದು. ಎತೆಲ್ಕಾ ಇಳಿಬಿದ್ದ ಭುಜಕ್ಕೆ ಕೆನ್ನೆ ಒರೆಸಿಕೊಂಡಳು.

"ಏನಿಲ್ಲ, ಈರುಳ್ಳಿ ಖಾರ. ನೀನು ನಡಿ, ಗೂಟ ಇನ್ನೂ ದೂರ ಇದೆ."

ಅವನು ತಲೆಯಾಡಿಸಿ ಹಿಂದೆ ಹಿಂದೆ ನಡೆದ. ಅವಳು ಚಕ್ರ ತಿರುಗಿಸಿದಳು, ಆದಷ್ಟು ನಿಧಾನವಾಗಿ.